ಬಚ್ಚಲ ನೀರನ್ನು ಮತ್ತೆ ಬಳಸಲು ಯಾವ ದಾರಿ? ಮನೆ ನೋಡಿ ಆರಿಸಿಕೊಳ್ಳಿ

ಸ್ನಾನದ ನೀರು, ಬಟ್ಟೆ ಒಗೆದ ನೀರು ಸುಮ್ನೆ ಮೋರಿಗೆ ಹೋಗುತ್ತಿದೆ, ಏನಾದರೂ ಮಾಡಬೇಕು ಅಂತ ಮನಸ್ಸು ಮಾಡಿದವರು ಹೆಚ್ಚಾಗಿ ಒಂದೇ ಕಡೆ ಸಿಕ್ಕಿಹಾಕಿಕೊಳ್ಳುತ್ತಾರೆ. ಬಕೆಟ್‌ನಲ್ಲಿ ಹಿಡಿದಿಟ್ಟರೆ ಸಾಕಾ? ಪೈಪ್ ಎಳೆದು ಗಿಡಕ್ಕೆ ಬಿಡೋದಾ? ಬಚ್ಚಲು ಗುಂಡಿ ತೋಡಿಸೋದಾ? ಇಲ್ಲಾ ದುಡ್ಡು ಸುರಿದು ಫಿಲ್ಟರ್ ಯಂತ್ರ ಕೂರಿಸೋದಾ? ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಅವರು ಹೇಳುವುದು ಸುಳ್ಳಲ್ಲ. ಅವರವರ ಮನೆಗೆ ಹೊಂದಿದ್ದನ್ನು ಹೇಳುತ್ತಿರುತ್ತಾರೆ, ಅಷ್ಟೆ.

ನನ್ನ ಸಲಹೆ ಒಂದೇ. ಯಂತ್ರ ನೋಡುವುದರಿಂದ ಶುರು ಮಾಡಬೇಡಿ. ಆ ನೀರು ಕೊನೆಗೆ ಎಲ್ಲಿ ಖರ್ಚಾಗಬೇಕು ಅನ್ನುವುದನ್ನು ಮೊದಲು ನೋಡಿ. ಗಿಡಕ್ಕಾ, ಟಾಯ್ಲೆಟ್‌ಗಾ, ನೆಲ ಒರೆಸುವುದಕ್ಕಾ, ಇಲ್ಲಾ ಭೂಮಿಗೆ ಇಂಗಿದರೆ ಸಾಕಾ? ಇದು ಗೊತ್ತಾದರೆ ಅರ್ಧ ಆಯ್ಕೆ ಅಲ್ಲೇ ಮುಗಿಯಿತು.

ಯಾವ ನೀರು, ಎಷ್ಟು ನೀರು

ಪಂಚಾಯಿತಿ ಕಾಗದಗಳಲ್ಲಿ ಬೂದು ನೀರು ಅಂತ ಬರೆಯುವುದು ಟಾಯ್ಲೆಟ್ ಬಿಟ್ಟು ಮನೆಯಿಂದ ಹೊರಹೋಗುವ ಉಳಿದ ನೀರನ್ನು. ಅದರಲ್ಲೂ ಸ್ನಾನದ ನೀರು, ವಾಷ್‌ಬೇಸಿನ್ ನೀರು, ಬಟ್ಟೆ ಒಗೆದ ನೀರು ಸುಲಭದವು. ಅಡುಗೆಮನೆ ಸಿಂಕಿನ ನೀರನ್ನು ಬೇರೆಯೇ ಲೆಕ್ಕಕ್ಕೆ ಇಟ್ಟುಕೊಳ್ಳಿ. ಅದರಲ್ಲಿ ಎಣ್ಣೆ ಜಿಡ್ಡು, ಅನ್ನದ ಅಗುಳು ಇರುತ್ತವೆ. ಬೇಗ ನಾರುತ್ತದೆ, ಪೈಪ್ ಕಟ್ಟಿಕೊಳ್ಳುತ್ತದೆ. ಅಕ್ಕಿ ಬೇಳೆ ತೊಳೆದ ನೀರು, ತರಕಾರಿ ತೊಳೆದ ನೀರನ್ನು ಮಾತ್ರ ಪಾತ್ರೆಯಲ್ಲೇ ಹಿಡಿದು ಗಿಡಕ್ಕೆ ಹಾಕಿ. ದನ ಇರುವ ಮನೆಯಲ್ಲಿ ಅದು ಕಲಗಚ್ಚಿಗೆ ಹೋಗುತ್ತದೆ, ವ್ಯರ್ಥವಾಗುವ ಮಾತೇ ಇಲ್ಲ. ಮಗುವಿನ ಮಲ ಆದ ಬಟ್ಟೆ, ಕಾಯಿಲೆಯವರ ಬಟ್ಟೆ ಒಗೆದ ನೀರು ನೇರ ಒಳಚರಂಡಿಗೇ ಹೋಗಲಿ.

ಇನ್ನು ಲೆಕ್ಕ. ಒಳಚರಂಡಿ ಇರುವ ನಗರಗಳಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಬೇಕು ಅನ್ನುವುದು ನಮ್ಮ ದೇಶದ ಸರ್ಕಾರಿ ಮಾನದಂಡ. ಅದರಲ್ಲಿ ಸ್ನಾನಕ್ಕೆ 55, ಟಾಯ್ಲೆಟ್ ಫ್ಲಶ್‌ಗೆ 30, ಬಟ್ಟೆಗೆ 20 ಅಂತ ಹಂಚುವುದು ರೂಢಿ. ನಾಲ್ಕು ಜನರ ಮನೆ ಅಂದುಕೊಳ್ಳಿ. ಸ್ನಾನದಿಂದ 220 ಲೀಟರ್, ಬಟ್ಟೆಯಿಂದ 80, ಒಟ್ಟು 300 ಲೀಟರ್ ಕೈಗೆ ಸಿಗುತ್ತದೆ. ಫ್ಲಶ್‌ಗೆ ಬೇಕಾದದ್ದು 120. ಬಕೆಟ್ ಸ್ನಾನ ಮಾಡುವವರ ಮನೆಯಲ್ಲಿ ಇನ್ನೂ ಕಡಿಮೆ ಸಿಗಬಹುದು, ಶವರ್ ಇದ್ದರೆ ಜಾಸ್ತಿಯೇ. ಹೇಗೇ ಇರಲಿ, ಈ ಲೆಕ್ಕದಲ್ಲಿ ಒಂದು ವಿಷಯ ಸ್ಪಷ್ಟ. ಬರೀ ಫ್ಲಶ್‌ಗೆ ಬಳಸಿದರೆ ನೀರು ಖಂಡಿತ ಮಿಗುತ್ತದೆ.

ಗಿಡದ ಕಡೆಯ ಲೆಕ್ಕವೂ ಬೇಕು. ಬಿರು ಬೇಸಿಗೆಯಲ್ಲಿ ಒಂದು ಚದರ ಮೀಟರ್ ತೋಟಕ್ಕೆ ದಿನಕ್ಕೆ ಸುಮಾರು 5 ಲೀಟರ್ ಹಿಡಿಯುತ್ತದೆ. ಒಂದು ಸೆಂಟ್ ಜಾಗ ಅಂದರೆ ಸುಮಾರು 40 ಚದರ ಮೀಟರ್. ಅಂದರೆ ನಾಲ್ವರ ಸ್ನಾನದ ನೀರು ಒಂದು ಸೆಂಟ್ ತೋಟವನ್ನು ಬೇಸಿಗೆ ಪೂರ್ತಿ ಹಸಿರಾಗಿ ಇಡಬಲ್ಲದು. ತೆಂಗಿನ ಮರದ ಲೆಕ್ಕದಲ್ಲಾದರೆ ನಾಲ್ಕು ಮರಕ್ಕೆ ಸಾಕು. ಮಲೆನಾಡಿನ ಹಳೆ ಮನೆಗಳಲ್ಲಿ ಬಚ್ಚಲ ಹಿಂದೆ ಬಾಳೆ, ಕೆಸು ಹುಲುಸಾಗಿ ಬೆಳೆದಿರುವುದನ್ನು ನೋಡಿರುತ್ತೀರಿ ಅಲ್ವಾ? ಅಲ್ಲಿ ಯಾರೂ ಲೆಕ್ಕ ಹಾಕಿರಲಿಲ್ಲ. ಆದರೆ ಲೆಕ್ಕ ಸರಿಯಾಗಿಯೇ ಇತ್ತು.

ಆರಿಸುವ ಮೊದಲು ನೋಡಬೇಕಾದದ್ದು

ಎಲ್ಲಿ ಬಳಸುತ್ತೀರಿ ಅನ್ನುವುದಾದ ಮೇಲೆ ಇಳಿಜಾರು ನೋಡಿ. ಬಚ್ಚಲಿನ ನೆಲ ತೋಟಕ್ಕಿಂತ ಮೇಲಿದ್ದರೆ ನೀರು ತಾನಾಗಿ ಹರಿಯುತ್ತದೆ. ಕೆಳಗಿದ್ದರೆ ಪಂಪ್ ಬೇಕು. ಪಂಪ್ ಬಂದರೆ ಕರೆಂಟು, ರಿಪೇರಿ, ಕೂದಲು ಸಿಕ್ಕಿಕೊಂಡು ನಿಲ್ಲುವ ಕಾಟ, ಎಲ್ಲ ಜೊತೆಗೆ ಬರುತ್ತವೆ. ಆಮೇಲೆ ಪೈಪ್ ನೋಡಿ. ಸ್ನಾನದ ನೀರು ಮತ್ತು ಟಾಯ್ಲೆಟ್ ನೀರು ಬೇರೆ ಬೇರೆ ಪೈಪಿನಲ್ಲಿ ಹೊರಗೆ ಬರುತ್ತವೆಯಾ, ಇಲ್ಲಾ ಗೋಡೆಯೊಳಗೇ ಸೇರಿಬಿಟ್ಟಿವೆಯಾ? ಸೇರಿದ್ದರೆ ಟೈಲ್ಸ್ ಒಡೆಯದೆ ಬೇರ್ಪಡಿಸಲು ಆಗುವುದಿಲ್ಲ.

ಮನೆ ಸ್ವಂತದ್ದಾ, ಬಾಡಿಗೆಯದ್ದಾ ಅನ್ನುವುದೂ ಮುಖ್ಯ. ಅದಕ್ಕಿಂತ ಮುಖ್ಯ, ದಿನಾ ಇದನ್ನು ನೋಡಿಕೊಳ್ಳುವವರು ಯಾರು? ಮನೆಯಲ್ಲಿ ಎಲ್ಲರೂ ಬೆಳಿಗ್ಗೆ ಎಂಟಕ್ಕೆ ಹೊರಟುಹೋಗುವುದಾದರೆ ವಾರಕ್ಕೆರಡು ಸಲ ಫಿಲ್ಟರ್ ತೊಳೆಯುವ ವ್ಯವಸ್ಥೆ ಬಹಳ ದಿನ ನಡೆಯುವುದಿಲ್ಲ. ದುಡ್ಡಿನ ಮಾತು ಇದಾದ ಮೇಲೆ ಬರಲಿ.

ಯಾವ ದಾರಿ ಹಿಡಿದರೂ ಬಿಡಬಾರದ ನಿಯಮಗಳು ಇವು. ಬಚ್ಚಲ ನೀರನ್ನು ಒಂದು ದಿನಕ್ಕಿಂತ ಹೆಚ್ಚು ಕೂಡಿಡಬಾರದು, ಕೊಳೆತು ನಾರುತ್ತದೆ. ಸಂಪು, ಓವರ್‌ಹೆಡ್ ಟ್ಯಾಂಕ್, ಕುಡಿಯುವ ನೀರಿನ ಪೈಪು ಇವುಗಳಿಗೆ ಅದರ ಸಂಪರ್ಕ ಎಲ್ಲೂ ಇರಬಾರದು, ವಾಲ್ವ್ ಹಾಕಿ ಮುಚ್ಚಿದ್ದೇವೆ ಅಂದರೂ ಬೇಡ. ಮಳೆ ನೀರಿನ ಇಂಗು ಬಾವಿಗೆ ಇದನ್ನು ಬಿಡಲೇಬಾರದು. ಅದು ನೇರ ಅಂತರ್ಜಲಕ್ಕೆ ಹೋಗಿ ಬೋರ್‌ವೆಲ್ ಕೆಡಿಸುತ್ತದೆ.

ಬಕೆಟ್ ಮತ್ತು ಡ್ರಮ್

ಬಾಡಿಗೆ ಮನೆಯವರಿಗೆ, ಫ್ಲ್ಯಾಟಿನವರಿಗೆ, ಇನ್ನೂ ಮನಸ್ಸು ಗಟ್ಟಿಯಾಗದವರಿಗೆ ಇದೇ ಸರಿ. ವಾಷಿಂಗ್ ಮೆಷಿನ್ನಿನ ಹೊರ ಪೈಪನ್ನು ಮುಚ್ಚಳ ಇರುವ ಡ್ರಮ್ಮಿಗೆ ಬಿಟ್ಟರೆ ಆಯಿತು. ಖರ್ಚು ಡ್ರಮ್ಮಿನದ್ದು ಮಾತ್ರ. ಟಾಪ್ ಲೋಡ್ ಮೆಷಿನ್ ಒಂದು ಸಲಕ್ಕೆ 100 ಲೀಟರ್ ದಾಟುವುದುಂಟು, ಫ್ರಂಟ್ ಲೋಡ್ ಅದರ ಅರ್ಧದಷ್ಟು. ಮೊದಲ ಸಲದ ಕೊಳೆ ನೀರನ್ನು ಹೋಗಲು ಬಿಟ್ಟು, ಜಾಲಾಡಿದ ನೀರನ್ನಷ್ಟೇ ಹಿಡಿದರೆ ನೆಲ ಒರೆಸುವುದಕ್ಕೆ, ಅಂಗಳ ತೊಳೆಯುವುದಕ್ಕೆ, ಟಾಯ್ಲೆಟ್‌ಗೆ ಚೆನ್ನಾಗಿರುತ್ತದೆ.

ಟಾಯ್ಲೆಟ್‌ಗೆ ಹಾಕುವಾಗ ಫ್ಲಶ್ ಟ್ಯಾಂಕಿಗೆ ತುಂಬಬೇಡಿ. ಸೋಪಿನ ಗಸಿ ಕೂತು ಒಳಗಿನ ರಬ್ಬರ್ ಹಾಳಾಗುತ್ತದೆ. ಅರ್ಧ ಬಕೆಟ್ ನೀರನ್ನು ಒಂದೇ ಸಲ ಬೇಸಿನ್ನಿಗೆ ಸುರಿದರೆ ಫ್ಲಶ್ ಆದಂತೆಯೇ.

ಇದರ ಕಷ್ಟ ಅಂದರೆ ಹೊರುವುದು. 15 ಲೀಟರಿನ ಬಕೆಟ್ ಅಂದರೆ 15 ಕೆಜಿ. ಒದ್ದೆ ನೆಲ ಬೇರೆ. ವಯಸ್ಸಾದವರು, ಬೆನ್ನುನೋವಿನವರು ಇರುವ ಮನೆಯಲ್ಲಿ ಈ ಕೆಲಸ ಕೊನೆಗೆ ಒಬ್ಬರ ತಲೆಗೇ ಬೀಳುತ್ತದೆ, ಹೆಚ್ಚಾಗಿ ಮನೆಯ ಹೆಂಗಸರ ತಲೆಗೆ. ಅಂಥ ಮನೆಗೆ ಇದು ಅಗ್ಗದ ದಾರಿ ಅಂತ ನಾನು ಹೇಳುವುದಿಲ್ಲ. ಡ್ರಮ್ಮಿನ ತಳಕ್ಕೆ ಒಂದು ನಲ್ಲಿ ಕೂರಿಸಿ, ಡ್ರಮ್ಮನ್ನು ಟಾಯ್ಲೆಟ್ ಪಕ್ಕವೇ ಇಟ್ಟುಕೊಂಡರೆ ಅರ್ಧ ಶ್ರಮ ಕಡಿಮೆಯಾಗುತ್ತದೆ. ಮುಚ್ಚಳ ಮರೆತರೆ ಸೊಳ್ಳೆ ಮೊಟ್ಟೆ ಇಡುತ್ತದೆ, ಅದೊಂದು ನೆನಪಿರಲಿ.

ಆರ್‌ಒ ಯಂತ್ರ ಹೊರಹಾಕುವ ನೀರನ್ನೂ ಇದೇ ಡ್ರಮ್ಮಿಗೆ ಸೇರಿಸಬಹುದು. ಅದರಲ್ಲಿ ಸೋಪಿಲ್ಲ, ಆದರೆ ಉಪ್ಪಿನಂಶ ಜಾಸ್ತಿ. ಒರೆಸುವುದಕ್ಕೆ, ಫ್ಲಶ್‌ಗೆ ಒಳ್ಳೆಯದು. ದಿನಾ ಕುಂಡದ ಗಿಡಕ್ಕೆ ಬೇಡ.

ನೇರವಾಗಿ ಗಿಡಕ್ಕೆ

ಸ್ವಲ್ಪವಾದರೂ ಮಣ್ಣು ಇರುವ ಸ್ವಂತ ಮನೆಯವರಿಗೆ ನಾನು ಮೊದಲು ಹೇಳುವುದು ಇದನ್ನೇ. ಕೂಡಿಡುವುದಿಲ್ಲ, ಶುದ್ಧ ಮಾಡುವುದಿಲ್ಲ. ಬಂದ ನೀರು ಆಗಲೇ ಮಣ್ಣಿಗೆ ಹೋಗುತ್ತದೆ. ಮಣ್ಣಿನಲ್ಲಿರುವ ಸೂಕ್ಷ್ಮಜೀವಿಗಳೇ ಸೋಪು, ಕೊಳೆಯನ್ನು ಕರಗಿಸಿ ತಿನ್ನುತ್ತವೆ. ಕೆಡುವಂಥ ಭಾಗವೇ ಇಲ್ಲ.

ಮಾಡುವುದು ಹೀಗೆ. ಬಚ್ಚಲಿನ ಪೈಪ್ ಹೊರಬರುವ ಕಡೆ ಒಂದು ಜಾಲರಿ ಇಡಿ, ಕೂದಲು ನಿಲ್ಲಲಿ. ಅಲ್ಲಿಂದ ಇಳಿಜಾರಿಗೆ ಪೈಪ್ ಎಳೆದು, ಮರದ ಪಾತಿಗಳಿಗೆ ಕವಲು ಮಾಡಿ. ಪಾತಿಯಲ್ಲಿ ತರಗೆಲೆ, ತೆಂಗಿನ ಸಿಪ್ಪೆ ದಪ್ಪವಾಗಿ ಹಾಸಿ, ನೀರು ಅದರ ಅಡಿಯಲ್ಲಿ ಬೀಳಲಿ. ಮೇಲೆ ನಿಂತರೆ ಸೊಳ್ಳೆ, ವಾಸನೆ. ಅಡಿಗೆ ಇಳಿದರೆ ಎರಡೂ ಇಲ್ಲ. ಒಂದೇ ಗಿಡಕ್ಕೆ ಎಲ್ಲ ನೀರೂ ಹೋಗಬಾರದು, ಬೇರು ಕೊಳೆಯುತ್ತದೆ. ಸಣ್ಣ ತೂತಿನ ಹನಿ ನೀರಾವರಿ ಪೈಪಿಗೆ ಇದನ್ನು ಬಿಡಬೇಡಿ, ಸ್ವಲ್ಪ ದಿನಕ್ಕೇ ಕಟ್ಟಿಕೊಳ್ಳುತ್ತದೆ.

ಪೈಪ್ ಶುರುವಾಗುವಲ್ಲಿ ಮೂರು ದಾರಿಯ ವಾಲ್ವ್ ಒಂದನ್ನು ತಪ್ಪದೇ ಹಾಕಿಸಿ. ಜೂನ್ ಬಂದ ಮೇಲೆ ಗಿಡಕ್ಕೆ ನೀರು ಬೇಡ. ಆಗ ವಾಲ್ವ್ ತಿರುಗಿಸಿ ನೀರನ್ನು ಒಳಚರಂಡಿಗೆ ಬಿಡಬೇಕು. ಬಟ್ಟೆಗೆ ಬ್ಲೀಚ್ ಹಾಕಿದ ದಿನವೂ ಹಾಗೆಯೇ. ಪ್ಲಂಬರ್‌ಗಳು ಇದನ್ನು ತಾವಾಗಿ ಹಾಕುವುದು ಕಡಿಮೆ, ನೀವೇ ಕೇಳಿ ಹಾಕಿಸಿಕೊಳ್ಳಬೇಕು.

ಯಾವ ಗಿಡ? ಬಾಳೆ, ತೆಂಗು, ನುಗ್ಗೆ, ಪಪ್ಪಾಯ, ಕರಿಬೇವು, ಮಾವು, ಹೂವಿನ ಗಿಡಗಳು ಸರಿ. ಹಸಿಯಾಗಿ ತಿನ್ನುವ ಕೊತ್ತಂಬರಿ, ಮೂಲಂಗಿ, ಕ್ಯಾರೆಟ್, ನೆಲಕ್ಕೆ ತಾಗುವ ಸೊಪ್ಪು ಬೇಡ. ಕುಂಡದ ಗಿಡಗಳಿಗೆ ವಾರಕ್ಕೊಮ್ಮೆಯಾದರೂ ಒಳ್ಳೆ ನೀರು ಹಾಕಬೇಕು. ಕುಂಡದಲ್ಲಿ ಉಪ್ಪು ಹೋಗಲು ದಾರಿ ಇಲ್ಲ, ಅಲ್ಲೇ ಕೂಡುತ್ತದೆ.

ಸೋಪಿನ ಮಾತು

ಇದನ್ನು ಬೇರೆಯಾಗಿ ಹೇಳಲೇಬೇಕು. ಗಿಡಕ್ಕೆ ಬಿಡುವ ಎಲ್ಲ ದಾರಿಗಳೂ ಉಳಿಯುವುದು, ಕೆಡುವುದು ಸೋಪಿನ ಮೇಲೆ. ಮೈ ಸೋಪು, ಶಾಂಪೂ ಅಷ್ಟು ತೊಂದರೆ ಕೊಡುವುದಿಲ್ಲ. ತೊಂದರೆ ಬಟ್ಟೆ ಒಗೆಯುವ ಪುಡಿಯದ್ದು. ಪುಡಿಯಲ್ಲಿ ಸೋಡಿಯಂ ಲವಣಗಳು ಜಾಸ್ತಿ. ಸೋಡಿಯಂ ಮಣ್ಣಿನಲ್ಲಿ ಕೂಡುತ್ತಾ ಹೋದರೆ ಜೇಡಿ ಕಣಗಳು ಬಿಡಿಬಿಡಿಯಾಗಿ, ಮಣ್ಣಿನ ಸಂದುಗಳು ಮುಚ್ಚಿಹೋಗುತ್ತವೆ. ಮೇಲ್ಮೈ ಗಟ್ಟಿಯಾಗಿ ನೀರು ಇಳಿಯುವುದೇ ನಿಲ್ಲುತ್ತದೆ. ಧಾರವಾಡ, ವಿಜಯಪುರ, ಕಲಬುರಗಿ ಕಡೆಯ ಎರೆಮಣ್ಣಿನಲ್ಲಿ ಜೇಡಿ ಅಂಶ ಹೆಚ್ಚು. ಅಲ್ಲಿ ಇದು ಬೇಗ ಕಾಣಿಸುತ್ತದೆ. ಕೋಲಾರ, ತುಮಕೂರಿನ ಕೆಂಪು ಮಣ್ಣು ಇನ್ನೂ ಸ್ವಲ್ಪ ತಡೆಯುತ್ತದೆ.

ಹಾಗಾಗಿ ಬಟ್ಟೆ ನೀರನ್ನು ಗಿಡಕ್ಕೆ ಬಿಡುವವರು ಪುಡಿ ಬಿಟ್ಟು ಲಿಕ್ವಿಡ್ ಡಿಟರ್ಜೆಂಟ್ ಬಳಸಿ, ಅದೂ ಕಡಿಮೆ. ಬೋರಾಕ್ಸ್ ಇರುವುದು ಬೇಡವೇ ಬೇಡ, ಬೋರಾನ್ ಸ್ವಲ್ಪ ಹೆಚ್ಚಾದರೂ ಗಿಡಕ್ಕೆ ವಿಷ. ಅಂಟುವಾಳ ಕಾಯಿಯಲ್ಲಿ ಒಗೆಯುವವರಿಗೆ ಈ ಚಿಂತೆಯೇ ಇಲ್ಲ. ಪುಡಿ ಬಿಡಲು ಆಗುವುದಿಲ್ಲ ಅಂದರೆ ಅದಕ್ಕೂ ದಾರಿ ಇದೆ. ಬಟ್ಟೆ ನೀರು ಟಾಯ್ಲೆಟ್‌ಗೆ, ಸ್ನಾನದ ನೀರು ಗಿಡಕ್ಕೆ ಅಂತ ಹಂಚಿಬಿಡಿ. ಎಲೆ ಅಂಚು ಕಂದು ತಿರುಗಿದರೆ, ಪಾತಿಯಲ್ಲಿ ಬಿಳಿ ಪೊರೆ ಕಂಡರೆ ಕೆಲವು ದಿನ ಒಳ್ಳೆ ನೀರು ಹಾಯಿಸಿ. ಒಂದು ಜೋರು ಮಳೆ ಬಂದರೆ ತಾನೇ ತೊಳೆದುಹೋಗುತ್ತದೆ.

ಬಚ್ಚಲು ಗುಂಡಿ

ಹಳ್ಳಿಗಳಲ್ಲಿ ಬಚ್ಚಲ ನೀರು ರಸ್ತೆಗೆ ಹರಿದು, ಅಕ್ಕಪಕ್ಕದವರ ಜೊತೆ ಜಗಳ ಆಗುವುದು ಹೊಸದಲ್ಲ. ಅದಕ್ಕೆ ಇದು ಉತ್ತರ. ಸುಮಾರು ಒಂದು ಮೀಟರ್ ಉದ್ದ, ಅಗಲ, ಆಳದ ಗುಂಡಿ. ಕೆಳಗೆ ದಪ್ಪ ಕಲ್ಲು, ಮೇಲೆ ಮೇಲೆ ಸಣ್ಣ ಜಲ್ಲಿ. ಗುಂಡಿಗೆ ಮೊದಲು ಒಂದು ಸಣ್ಣ ತೊಟ್ಟಿ ಇರಲೇಬೇಕು. ಕಸ, ಗಸಿ ಅದರಲ್ಲೇ ನಿಲ್ಲುತ್ತದೆ. ತಿಂಗಳಿಗೊಮ್ಮೆ ತೆಗೆದುಹಾಕಿದರೆ ಗುಂಡಿ ವರ್ಷಗಟ್ಟಲೆ ಬಾಳುತ್ತದೆ. ತೊಟ್ಟಿ ಇಲ್ಲದ ಗುಂಡಿ ಬೇಗ ಕಟ್ಟಿಕೊಳ್ಳುತ್ತದೆ. ನರೇಗಾ ಯೋಜನೆಯಲ್ಲಿ ಅನೇಕ ಊರುಗಳಲ್ಲಿ ಇಂಥ ಗುಂಡಿಗಳು ಆಗಿವೆ. ಕೈಯಿಂದ ಖರ್ಚು ಮಾಡುವ ಮೊದಲು ನಿಮ್ಮ ಪಂಚಾಯಿತಿಯಲ್ಲಿ ಒಮ್ಮೆ ವಿಚಾರಿಸಿ.

ಆದರೆ ಇದರಿಂದ ನೀರು ನಿಮ್ಮ ಕೈಗೆ ಮರಳಿ ಬರುವುದಿಲ್ಲ. ಮಣ್ಣಿಗೆ ಇಂಗುತ್ತದೆ, ಅಷ್ಟೆ. ಪಕ್ಕದಲ್ಲಿ ಬಾಳೆ, ತೆಂಗು ನೆಟ್ಟರೆ ಅವಕ್ಕೆ ಸಿಗುತ್ತದೆ. ನೀರಿನ ಬಿಲ್ಲು ಕಡಿಮೆ ಮಾಡಬೇಕು ಅನ್ನುವವರಿಗೆ ಇದು ಸರಿಯಲ್ಲ. ಮನೆ ಮುಂದೆ ಕೆಸರು, ಸೊಳ್ಳೆ ಹೋಗಬೇಕು ಅನ್ನುವವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಕುಡಿಯುವ ನೀರಿನ ಬಾವಿಯಿಂದ ಕನಿಷ್ಠ 10 ಮೀಟರ್ ದೂರ ಇರಲಿ. ಕರಾವಳಿಯಲ್ಲಿ ಮಳೆಗಾಲಕ್ಕೆ ಬಾವಿ ನೀರು ಕಟ್ಟೆ ಹತ್ತಿರ ಬರುವ ಜಾಗಗಳಲ್ಲಿ ಗುಂಡಿ ತೋಡಲೇಬೇಡಿ. ಗುಂಡಿಯ ನೀರೂ ಬಾವಿಯ ನೀರೂ ಒಂದಾಗುತ್ತವೆ. ಗಟ್ಟಿ ಎರೆಮಣ್ಣಿನಲ್ಲಿ ಇಂಗುವುದು ನಿಧಾನ, ಅಲ್ಲಿ ಮುಂದೆ ಹೇಳುವ ಜಲ್ಲಿ ತೊಟ್ಟಿ ವಾಸಿ.

ಜಲ್ಲಿ ಮತ್ತು ಗಿಡದ ತೊಟ್ಟಿ

ಎಲ್ಲ ದಾರಿಗಳಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಇದು. ಆದರೆ ಎಲ್ಲರ ಮನೆಗೂ ಹೊಂದುವುದಿಲ್ಲ. ಎರಡು ಅಡಿ ಆಳದ, ನೀರು ಸೋರದ ತೊಟ್ಟಿ ಕಟ್ಟಿ ಅದರ ತುಂಬ ಜಲ್ಲಿ ತುಂಬುತ್ತಾರೆ. ಅದರಲ್ಲಿ ಕಾಬಾಳೆ, ಜೊಂಡು, ಲಾವಂಚದಂಥ ನೀರು ತಾಳುವ ಗಿಡ ನೆಡುತ್ತಾರೆ. ಒಂದು ತುದಿಯಿಂದ ಬಚ್ಚಲ ನೀರು ಒಳಗೆ, ಇನ್ನೊಂದು ತುದಿಯಿಂದ ತಿಳಿ ನೀರು ಹೊರಗೆ. ನೀರು ಜಲ್ಲಿಯ ಸಂದಿಯಲ್ಲಿ ಎರಡು ಮೂರು ದಿನ ನಿಧಾನವಾಗಿ ಸಾಗುತ್ತದೆ. ಜಲ್ಲಿಗೆ, ಬೇರಿಗೆ ಅಂಟಿರುವ ಸೂಕ್ಷ್ಮಜೀವಿಗಳು ಕೊಳೆ ತಿಂದು ಮುಗಿಸುತ್ತವೆ. ಕರೆಂಟು ಬೇಡ, ರಾಸಾಯನಿಕ ಬೇಡ.

ಒಬ್ಬರಿಗೆ 1ರಿಂದ 2 ಚದರ ಮೀಟರ್ ಜಾಗ ಬೇಕು. ನಾಲ್ವರಿಗೆ 5 ಚದರ ಮೀಟರ್ ಅಂದರೂ ಒಂದು ಮಂಚ ಹಾಕುವಷ್ಟಕ್ಕಿಂತ ಜಾಸ್ತಿಯಾಯಿತು. 30×40 ಸೈಟಿನಲ್ಲಿ ಗಡಿಯವರೆಗೂ ಕಟ್ಟಿದ ಮನೆಗೆ ಅಷ್ಟು ಜಾಗ ಎಲ್ಲಿಂದ ಬರಬೇಕು? ಕಾಂಪೌಂಡ್ ಗೋಡೆಗುಂಟ ಎರಡು ಅಡಿ ಅಗಲದಲ್ಲಿ ಉದ್ದಕ್ಕೆ ಮಾಡಿಸಬಹುದು. ಉದ್ದ ಇದ್ದಷ್ಟೂ ಒಳ್ಳೆಯದೇ.

ಕಟ್ಟಿಸುವಾಗ ಗಮನ ಇಡಬೇಕಾದ ಜಾಗ ಹೊರಹೋಗುವ ಪೈಪು. ಅದರ ಎತ್ತರ ಸರಿಯಾಗಿದ್ದರೆ ನೀರಿನ ಮಟ್ಟ ಯಾವಾಗಲೂ ಜಲ್ಲಿಯ ಮೇಲ್ಮೈಗಿಂತ ಮೂರು ನಾಲ್ಕು ಇಂಚು ಕೆಳಗೇ ಇರುತ್ತದೆ. ನೀರು ಕಣ್ಣಿಗೆ ಕಾಣಬಾರದು. ಕಂಡರೆ ಸೊಳ್ಳೆ ಬರುತ್ತದೆ. ಅಡುಗೆಮನೆ ನೀರನ್ನೂ ಸೇರಿಸುವುದಾದರೆ ಮೊದಲು ಜಿಡ್ಡು ಹಿಡಿಯುವ ತೊಟ್ಟಿ ಬೇಕು, ಅದನ್ನು ವಾರವಾರ ತೆಗೆಯುವ ಮನಸ್ಸೂ ಬೇಕು. ವರ್ಷಕ್ಕೆ ಒಂದೆರಡು ಸಲ ಗಿಡ ಕತ್ತರಿಸಬೇಕು. ಖರ್ಚು ಜಲ್ಲಿ, ಸಿಮೆಂಟು, ಮೇಸ್ತ್ರಿ ಕೂಲಿಯದ್ದು. ಊರಿಂದೂರಿಗೆ ಬೇರೆಯಾದರೂ ಹತ್ತಾರು ಸಾವಿರದ ಮಾತು.

ಹೊರಬರುವ ನೀರು ತಿಳಿಯಾಗಿರುತ್ತದೆ, ವಾಸನೆ ಇರುವುದಿಲ್ಲ. ಹಾಗಂತ ರೋಗಾಣು ಪೂರ್ತಿ ಹೋಗಿರುವುದಿಲ್ಲ. ತೋಟಕ್ಕೆ ಸರಿ. ಕ್ಲೋರಿನ್ ಹಾಕಿ ಫ್ಲಶ್‌ಗೆ ಬಳಸಬಹುದು. ಮೈಗೆ, ಪಾತ್ರೆಗೆ, ಬಾಯಿಗೆ ಬೇಡ.

ಫಿಲ್ಟರ್ ಯಂತ್ರ

ಟ್ಯಾಂಕು, ಪಂಪು, ಮರಳು ಮತ್ತು ಇದ್ದಿಲಿನ ಫಿಲ್ಟರು, ಕ್ಲೋರಿನ್ ಅಥವಾ ಓಝೋನ್, ಎಲ್ಲ ಜೋಡಿಸಿ ಕೊಡುವ ವ್ಯವಸ್ಥೆಗಳು ಸಿಗುತ್ತವೆ. ಜಾಗ ಕಡಿಮೆ ಸಾಕು. ನೀರು ನೇರ ಫ್ಲಶ್ ಟ್ಯಾಂಕಿಗೆ ಹೋಗುತ್ತದೆ, ಹೊರುವ ಕೆಲಸ ಇಲ್ಲ.

ದುಡ್ಡಿನ ಲೆಕ್ಕ ಹಾಕಿ ನೋಡೋಣ. 2024ರ ಮಾರ್ಚ್‌ನಲ್ಲಿ ನೀರಿನ ಬರ ಬಂದಾಗ ಬೆಂಗಳೂರು ಜಿಲ್ಲಾಡಳಿತ ಟ್ಯಾಂಕರ್ ದರ ಗೊತ್ತು ಮಾಡಿತು. 5 ಕಿಲೋಮೀಟರ್ ಒಳಗೆ 6,000 ಲೀಟರಿಗೆ 600 ರೂಪಾಯಿ, ಅಂದರೆ ಲೀಟರಿಗೆ 10 ಪೈಸೆ. ನಾಲ್ವರ ಮನೆಯ ಫ್ಲಶ್ ನೀರು ದಿನಕ್ಕೆ 120 ಲೀಟರ್, ತಿಂಗಳಿಗೆ 3,600. ಉಳಿತಾಯ 360 ರೂಪಾಯಿ. ಯಂತ್ರಕ್ಕೆ 60,000 ಕೊಟ್ಟಿರಿ ಅಂದುಕೊಳ್ಳಿ. ಅದು ವಾಪಸ್ ಬರಲು 13–14 ವರ್ಷ ಬೇಕು, ಕರೆಂಟು ಮತ್ತು ರಿಪೇರಿ ಲೆಕ್ಕಕ್ಕೆ ಹಿಡಿಯದೆ. ಟ್ಯಾಂಕರ್‌ಗಿಂತ ಅಗ್ಗದ ಕಾವೇರಿ ನೀರು ನಲ್ಲಿಯಲ್ಲಿ ಬರುವ ಮನೆಗೆ ಇನ್ನೂ ಹೆಚ್ಚು ವರ್ಷ. ದುಡ್ಡು ಉಳಿಸಲು ಇದನ್ನು ಕೊಳ್ಳುವುದರಲ್ಲಿ ಅರ್ಥವಿಲ್ಲ.

ಆದರೂ ಕೆಲವರಿಗೆ ಇದು ಬೇಕಾಗುತ್ತದೆ. ದೊಡ್ಡ ಕೂಡು ಕುಟುಂಬ, ಪಿಜಿ, ಹಾಸ್ಟೆಲ್, ಬೇಸಿಗೆಯಲ್ಲಿ ದುಬಾರಿ ಕೊಟ್ಟರೂ ಟ್ಯಾಂಕರ್ ಸಿಗದ ಬಡಾವಣೆಯ ಮನೆ. ಅಂಥವರು ಕೊಳ್ಳುವ ಮೊದಲು ಕೇಳಬೇಕಾದ್ದು ಬೆಲೆಯೊಂದೇ ಅಲ್ಲ. ಫಿಲ್ಟರನ್ನು ಎಷ್ಟು ದಿನಕ್ಕೊಮ್ಮೆ ತೊಳೆಯಬೇಕು, ಯಾರು ತೊಳೆಯಬೇಕು, ಒಳಗಿನ ಸಾಮಾನು ನಮ್ಮ ಊರಲ್ಲಿ ಸಿಗುತ್ತದೆಯಾ? ಈಗಾಗಲೇ ಹಾಕಿಸಿ ಎರಡು ವರ್ಷ ಆದ ಮನೆ ಒಂದನ್ನು ತೋರಿಸಿ ಅನ್ನಿ. ಇನ್ನೂ ಹಳೆ ದೊಡ್ಡ ಫ್ಲಶ್ ಟ್ಯಾಂಕ್ ಇದ್ದರೆ ಮೊದಲು ಅದನ್ನು ಬದಲಿಸಿ, 3 ಮತ್ತು 6 ಲೀಟರಿಗೆ ಎರಡು ಬಟನ್ ಇರುವುದನ್ನು ಹಾಕಿಸಿ. ಆಮೇಲೆ ಯಂತ್ರ ಬೇಕಾ ಅಂತ ಮತ್ತೆ ಲೆಕ್ಕ ಹಾಕಿ.

ಅಪಾರ್ಟ್‌ಮೆಂಟಿನವರು

ನಿಮ್ಮ ಕಟ್ಟಡದಲ್ಲಿ ಎಸ್‌ಟಿಪಿ (ಕೊಳಚೆ ನೀರು ಶುದ್ಧ ಮಾಡುವ ಘಟಕ) ಇದ್ದು, ಅದರ ನೀರು ಫ್ಲಶ್‌ಗೆ ವಾಪಸ್ ಬರುತ್ತಿದ್ದರೆ ನೀವು ಬಚ್ಚಲ ನೀರು ಹಿಡಿದಿಟ್ಟು ಹೊರುವುದರಿಂದ ಹೆಚ್ಚು ಲಾಭವಿಲ್ಲ. ಆ ನೀರು ಹೇಗೂ ತಿರುಗಿ ಬಳಕೆಗೆ ಬರುತ್ತಿದೆ. ಹೆಚ್ಚಿನ ಕಡೆ ಶುದ್ಧವಾದ ನೀರೇ ಮಿಕ್ಕಿ ಚರಂಡಿಗೆ ಹೋಗುತ್ತದೆ. ಅಲ್ಲಿ ಮಾಡಬೇಕಾದ್ದು ಹೊಸ ನೀರಿನ ಬಳಕೆ ಇಳಿಸುವುದು: ನಲ್ಲಿಗಳಿಗೆ ಏರೇಟರ್ (ಗಾಳಿ ಬೆರೆಸಿ ನೀರಿನ ಹರಿವು ಇಳಿಸುವ ಬಿಲ್ಲೆ), ಸೋರುವ ಫ್ಲಶ್ ರಿಪೇರಿ. ಎಸ್‌ಟಿಪಿ ಇದ್ದೂ ಫ್ಲಶ್‌ಗೆ ಬೇರೆ ಪೈಪ್ ಇಲ್ಲದಿದ್ದರೆ, ಆ ನೀರನ್ನು ತೋಟಕ್ಕೂ ಕಾರು ತೊಳೆಯುವುದಕ್ಕೂ ಕೊಡಿ ಅಂತ ಸಂಘದ ಸಭೆಯಲ್ಲಿ ಕೇಳಿ. 2024ರ ಬರದಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ತೋಟಕ್ಕೆ ಹಾಕಿದರೆ 5,000 ರೂಪಾಯಿ ದಂಡ ಅಂತ ಹೇಳಿತ್ತು. ಸಭೆಯಲ್ಲಿ ಅದನ್ನು ನೆನಪಿಸಬಹುದು.

ಈಗ ಮನೆ ಕಟ್ಟಿಸುತ್ತಿರುವವರಿಗೆ

ನಿಮ್ಮ ಕೈಯಲ್ಲಿರುವ ಅವಕಾಶ ಬೇರೆ ಯಾರಿಗೂ ಇಲ್ಲ. ಈಗ ಯಾವ ವ್ಯವಸ್ಥೆಯೂ ಬೇಡ ಅನ್ನಿಸಿದರೂ ಪೈಪ್ ಮಾತ್ರ ಬೇರೆ ಮಾಡಿಸಿಬಿಡಿ. ಸ್ನಾನ, ವಾಷ್‌ಬೇಸಿನ್, ಬಟ್ಟೆ ನೀರಿಗೆ ಒಂದು ಪೈಪು, ಟಾಯ್ಲೆಟ್‌ಗೆ ಇನ್ನೊಂದು, ಅಡುಗೆಮನೆಗೆ ಮತ್ತೊಂದು. ಹೊರಗೆ ಛೇಂಬರಿನವರೆಗೂ ಅವು ಸೇರಬಾರದು. ಫ್ಲಶ್ ಟ್ಯಾಂಕುಗಳಿಗೆ ಬೇರೆ ಬಣ್ಣದ ಪೈಪಿನಲ್ಲಿ ಪ್ರತ್ಯೇಕ ಲೈನ್ ಎಳೆಸಿ, ಮೇಲೆ ಒಂದು ಸಣ್ಣ ಟ್ಯಾಂಕಿಗೆ ಜಾಗ ಬಿಡಿ. ಸದ್ಯಕ್ಕೆ ಆ ಟ್ಯಾಂಕಿಗೆ ಬೋರ್ ನೀರನ್ನೇ ತುಂಬಬಹುದು. ಮುಂದೆ ಬಚ್ಚಲ ನೀರಿಗೆ ಬದಲಾದ ದಿನ ಬೋರ್ ಲೈನನ್ನು ಪೂರ್ತಿ ಕತ್ತರಿಸಿ ತೆಗೆಯಬೇಕು. ಗೋಡೆ ಮುಚ್ಚುವ ಮೊದಲು ಆಗುವ ಖರ್ಚು ಬರೀ ಪೈಪಿನದ್ದು, ಆಮೇಲೆ ಆದರೆ ಟೈಲ್ಸ್, ಸಿಮೆಂಟು, ಧೂಳು ಎಲ್ಲ. ಪ್ಲಂಬರಿಗೆ ಬಾಯಲ್ಲಿ ಹೇಳಿ ಬಿಡಬೇಡಿ. ನಕ್ಷೆಯಲ್ಲಿ ಬರೆಸಿ, ಪ್ಲಾಸ್ಟರ್ ಮಾಡುವ ಮುಂಚೆ ಪ್ರತಿ ಗೋಡೆಯ ಫೋಟೋ ತೆಗೆದಿಟ್ಟುಕೊಳ್ಳಿ.